ಐವತ್ತೈದು ಸಾವಿರದ ಗೇಮ್ ಕನ್ಸೋಲ್: ಕಾಸರಗೋಡಿನ ಮನೆಗೆ ಗಿಟ್ಟುತ್ತದೆಯೇ?

ಗೇಮ್ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ, ಕೊಳ್ಳುವವರಿಗೆ ಹಿಂದೆಲ್ಲ ಒಂದೇ ಬುದ್ಧಿಮಾತು ಸಾಕಾಗುತ್ತಿತ್ತು: ಎರಡು ವರ್ಷ ತಡೆಯಿರಿ, ಬೆಲೆ ತಾನಾಗಿ ಇಳಿಯುತ್ತದೆ. ಸೋನಿಯ ಪ್ಲೇಸ್ಟೇಷನ್ 4 ಭಾರತಕ್ಕೆ ಬಂದದ್ದು 2014ರ ಜನವರಿಯಲ್ಲಿ, 39,990 ರೂಪಾಯಿಗೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದರ ಸ್ಲಿಮ್ ಮಾದರಿ 30 ಸಾವಿರದೊಳಗೆ ಸಿಗುತ್ತಿತ್ತು. ಈ ಸಲ ಹಾಗಾಗಲಿಲ್ಲ. ಪ್ಲೇಸ್ಟೇಷನ್ 5 ನಮ್ಮಲ್ಲಿ 2021ರ ಫೆಬ್ರುವರಿ 2ರಂದು ಬಿಡುಗಡೆಯಾದಾಗ ಡಿಸ್ಕ್ ಹಾಕುವ ಮಾದರಿಗೆ 49,990, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ. 2022ರ ನವೆಂಬರಿನಲ್ಲಿ ಎರಡಕ್ಕೂ ಐದು ಸಾವಿರ ಏರಿತು. 2024ರ ಏಪ್ರಿಲ್‌ನಲ್ಲಿ ಬಂದ ಸ್ಲಿಮ್ ಮಾದರಿಯೂ ಏರಿದ ಬೆಲೆಯಲ್ಲೇ, ಅಂದರೆ 54,990 ಮತ್ತು 44,990ಕ್ಕೆ ಬಂತು. ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ ಸೋನಿ 50 ಡಾಲರ್ ಏರಿಸಿತು. ಎಕ್ಸ್‌ಬಾಕ್ಸ್ ಬೆಲೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಎರಡು ಬಾರಿ ಏರಿಸಿತು. ಚಿಪ್ ತಯಾರಿಕೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದ್ದ ಕಾಲ ಮುಗಿದಿದೆ. ಅದರ ಮೇಲೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಕೊಳ್ಳುತ್ತಿರುವುದರಿಂದ ಉಳಿದವರಿಗೆ ರ‍್ಯಾಮ್, ಮಾಹಿತಿ ಉಳಿಸಿಡುವ ಎಸ್‌ಎಸ್‌ಡಿ ಎರಡೂ ತುಟ್ಟಿಯಾಗಿವೆ.

ಹೀಗಾಗಿ ಕಾಯುವುದರಿಂದ ಹಣ ಉಳಿಯುತ್ತದೆ ಎಂಬ ಭರವಸೆ ಈಗ ಇಲ್ಲ. ಜಿಟಿಎ 6 ಎಂಬ ಗೇಮಿನ ಬಿಡುಗಡೆಗೆ 2026ರ ನವೆಂಬರ್ 19 ಎಂದು ಪ್ರಕಟಿಸಿದ ಮೇಲಂತೂ ಮಕ್ಕಳ ಒತ್ತಾಯ ಹೆಚ್ಚಿದೆ. ಆ ಗೇಮ್ ಪ್ರಕಟವಾಗಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೆ ಮಾತ್ರ. ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯದ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಬೆಂಗಳೂರಿನ ಫ್ಲ್ಯಾಟಿನ ಉತ್ತರಕ್ಕಿಂತ ಬೇರೆ. ಇಲ್ಲಿನ ಕರೆಂಟು, ಮಳೆ, ಇಂಟರ್‌ನೆಟ್, ಗಲ್ಫಿನಿಂದ ಬರುವ ಸಾಮಾನು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಐದು ವರ್ಷದ ಲೆಕ್ಕ

ಅಂಗಡಿಯ ಬೆಲೆ ನೋಡಿ ತೀರ್ಮಾನಿಸಬೇಡಿ. ಐದು ವರ್ಷಕ್ಕೆ ಎಷ್ಟು ಹೋಗುತ್ತದೆ, ಅಷ್ಟರಲ್ಲಿ ಎಷ್ಟು ಗಂಟೆ ಆಡುತ್ತಾರೆ, ಗಂಟೆಗೆ ಎಷ್ಟು ಬಿತ್ತು ಎಂದು ನೋಡಿ.

ವಾರಕ್ಕೆ ಹತ್ತು ಗಂಟೆ ಆಡುವ, ಅಣ್ಣತಮ್ಮ ಇಬ್ಬರಿರುವ ಮನೆ ಎಂದಿಟ್ಟುಕೊಳ್ಳಿ. ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿ, 2024ರ ಬೆಲೆಯಂತೆ, 55,000. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಎರಡನೆಯದಕ್ಕೆ 6,000. ಆನ್‌ಲೈನ್‌ನಲ್ಲಿ ಇತರರೊಡನೆ ಆಡಲು ಬೇಕಾದ ಪ್ಲೇಸ್ಟೇಷನ್ ಪ್ಲಸ್ ಚಂದಾಕ್ಕೆ ವರ್ಷಕ್ಕೆ ಸುಮಾರು 4,000, ಐದು ವರ್ಷಕ್ಕೆ 20,000. ವರ್ಷಕ್ಕೆ ಮೂರು ಹೊಸ ಗೇಮ್, ಒಂದೊಂದಕ್ಕೆ 5,000. ಆಡಿ ಮುಗಿಸಿ ಅರ್ಧಕ್ಕೆ ಮಾರಿದರೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ಸಣ್ಣ ಯುಪಿಎಸ್ ಮತ್ತು ಕರೆಂಟಿನ ಹಠಾತ್ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್‌ಗೆ 4,000. ಕಂಟ್ರೋಲರ್ ರಿಪೇರಿಗೆ 3,000. ಕರೆಂಟಿನ ಖರ್ಚು ಮುಂದೆ ಹೇಳುವ ಲೆಕ್ಕದಂತೆ 5,500. ಒಟ್ಟು 1,31,000. ಕೊನೆಗೆ ಕನ್ಸೋಲ್ 20,000ಕ್ಕೆ ಮಾರಾಟವಾದರೆ ಕೈಯಿಂದ ಹೋದದ್ದು 1,11,000. ಐದು ವರ್ಷದಲ್ಲಿ 2,600 ಗಂಟೆ ಆಟ. ಗಂಟೆಗೆ 43 ರೂಪಾಯಿ. ಇಬ್ಬರೂ ಜೊತೆಗೂಡಿ ಆಡಿದರೆ ತಲೆಗೆ ಇಪ್ಪತ್ತೊಂದು, ಇಪ್ಪತ್ತೆರಡು. ಇದು ದುಬಾರಿಯಲ್ಲ.

ಇನ್ನೊಂದು ಮನೆ. ರಜೆಯಲ್ಲಿ ಎರಡು ವಾರ ಬಿಡದೆ ಆಡಿ, ಶಾಲೆ ಶುರುವಾದ ಮೇಲೆ ವಾರಕ್ಕೆ ಎರಡು ಗಂಟೆಗೆ ಇಳಿಯುವ ಒಬ್ಬನೇ ಹುಡುಗ. ಚಂದಾ ಇಲ್ಲ, ಎರಡನೆಯ ಕಂಟ್ರೋಲರ್ ಇಲ್ಲ, ವರ್ಷಕ್ಕೆ ಒಂದೇ ಗೇಮ್, ಅದನ್ನೂ ಅರ್ಧಕ್ಕೆ ಮಾರುತ್ತಾನೆ. ಆದರೂ ಕನ್ಸೋಲ್, ಯುಪಿಎಸ್, ಗೇಮ್, ಕರೆಂಟು ಸೇರಿ 72,600 ಆಗುತ್ತದೆ. 20,000 ಮರಳಿ ಬಂದರೂ 520 ಗಂಟೆಗೆ 52,600. ಗಂಟೆಗೆ ನೂರು ರೂಪಾಯಿ ಮೀರಿತು. ಹೆಚ್ಚಿನ ಮನೆಗಳಲ್ಲಿ ಹಣ ವ್ಯರ್ಥವಾಗುವುದು ಹೀಗೆಯೇ. ಕೊಂಡದ್ದು ತಪ್ಪೆಂದಲ್ಲ, ಆಡುವ ಗಂಟೆ ಇಲ್ಲ. ಕೊಳ್ಳುವ ಮೊದಲು ಮಗ ಅಥವಾ ಮಗಳು ಈಗ ಫೋನಿನಲ್ಲಿ ವಾರಕ್ಕೆ ಎಷ್ಟು ಹೊತ್ತು, ಯಾವ ಆಟ ಆಡುತ್ತಾರೆ ಎಂದು ಫೋನಿನ ಸ್ಕ್ರೀನ್ ಟೈಮ್ ಪುಟದಲ್ಲೇ ನೋಡಬಹುದು. ಆಡುವುದೆಲ್ಲ ಫ್ರೀ ಫೈರ್, ಬಿಜಿಎಂಐ ಮಾತ್ರ ಆಗಿದ್ದರೆ, ಗೆಳೆಯರೆಲ್ಲ ಅಲ್ಲೇ ಇದ್ದರೆ, ಕನ್ಸೋಲ್ ಬಂದ ಮೇಲೂ ಅವರು ಫೋನಿಗೇ ಮರಳುತ್ತಾರೆ. ಆ ಫೋನಿನ ಆಟಗಳು ಕನ್ಸೋಲಿನಲ್ಲಿ ಇಲ್ಲ.

ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದೆ, ಮಕ್ಕಳು ಎಂಟರಿಂದ ಹನ್ನೆರಡನೆಯ ತರಗತಿಯೊಳಗೆ ಓದುತ್ತಿದ್ದರೆ ಮೊದಲ ಸರದಿ ಲ್ಯಾಪ್‌ಟಾಪಿನದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪ್ರಾಯೋಗಿಕ ಪರೀಕ್ಷೆ ಇದೆ. ಶಾಲೆಯ ಲ್ಯಾಬಿನಲ್ಲಿ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸ್ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ಅದೇ ತಂತ್ರಾಂಶವನ್ನು ಹಣ ಕೊಡದೆ ಹಾಕಿಕೊಳ್ಳಬಹುದು. 45–50 ಸಾವಿರದ ಲ್ಯಾಪ್‌ಟಾಪಿನಲ್ಲಿ ಹೊಸ ದೊಡ್ಡ ಗೇಮ್ ಓಡದು. ಆದರೆ ಹತ್ತು ವರ್ಷ ಹಳೆಯ ಒಳ್ಳೆಯ ಗೇಮ್‌ಗಳು ಕಡಿಮೆ ಸೆಟ್ಟಿಂಗಿನಲ್ಲಿ ಓಡುತ್ತವೆ, ರಿಯಾಯಿತಿಯಲ್ಲಿ ಇನ್ನೂರು, ಮುನ್ನೂರಕ್ಕೆ ಸಿಗುತ್ತವೆ.

ಡಿಸ್ಕ್ ಬೇಕೇ, ಬೇಡವೇ

ಹತ್ತು ಸಾವಿರ ಕಡಿಮೆ ಎಂದು ಡಿಜಿಟಲ್ ಮಾದರಿ ಒಯ್ಯುವವರು ಬಹಳ. ಲೆಕ್ಕ ಹಾಕಿ ನೋಡಿ. 5,000 ಕೊಟ್ಟು ತಂದ ಡಿಸ್ಕನ್ನು ಎರಡು ತಿಂಗಳಲ್ಲಿ ಮುಗಿಸಿ ಮಾರಿದರೆ 2,500 ಬರುತ್ತದೆ. ನಾಲ್ಕು ಗೇಮ್ ಆಗುವಷ್ಟರಲ್ಲಿ ಆ ಹತ್ತು ಸಾವಿರ ಸಮ. ಡಿಜಿಟಲ್‌ನಲ್ಲಿ ಕೊಂಡ ಗೇಮ್ ನಿಮ್ಮ ಖಾತೆಗೆ ಅಂಟಿರುತ್ತದೆ, ಮಾರಲಾಗದು, ತಂಗಿಯ ಮನೆಗೆ ಕೊಟ್ಟು ಕಳುಹಿಸಲಾಗದು. ಪೆರ್ಲದಲ್ಲೊಬ್ಬ, ನೀರ್ಚಾಲಿನಲ್ಲೊಬ್ಬ, ಸೀತಾಂಗೋಳಿಯಲ್ಲೊಬ್ಬ ಎಂದು ಮೂವರು ಗೆಳೆಯರು ಡಿಸ್ಕ್ ಮಾದರಿ ಇಟ್ಟುಕೊಂಡರೆ ಒಬ್ಬೊಬ್ಬರು ಒಂದೊಂದು ಗೇಮ್ ಕೊಂಡು ಮೂವರೂ ಮೂರನ್ನೂ ಆಡಬಹುದು. ಖರ್ಚು ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಡಿಜಿಟಲ್ ಪರವಾಗಿಯೂ ಒಂದು ಮಾತಿದೆ. ಗೇಮ್ ಬಂದು ಒಂದೂವರೆ ವರ್ಷ ಕಳೆದರೆ ಆನ್‌ಲೈನ್ ಅಂಗಡಿಯಲ್ಲಿ ಅರ್ಧ ಬೆಲೆಗೂ ಕೆಳಗೆ ಬರುವುದುಂಟು. ಅಷ್ಟು ತಡೆಯಬಲ್ಲವರಿಗೆ, ಇಲ್ಲವೇ ಉಚಿತ ಗೇಮ್ ಮತ್ತು ವರ್ಷಕ್ಕೊಂದು ಫುಟ್‌ಬಾಲ್ ಗೇಮ್ ಮಾತ್ರ ಆಡುವವರಿಗೆ ಡಿಸ್ಕ್ ಇಲ್ಲದಿದ್ದರೂ ನಡೆಯುತ್ತದೆ. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಉಚಿತ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಆಡಲು ಪ್ಲಸ್ ಚಂದಾ ಕೂಡ ಬೇಡ; ಇದು ಗೊತ್ತಿಲ್ಲದೆ ಚಂದಾ ಕಟ್ಟುವವರಿದ್ದಾರೆ. ಸ್ಲಿಮ್ ಡಿಜಿಟಲ್‌ಗೆ ಡಿಸ್ಕ್ ಡ್ರೈವ್ ಆಮೇಲೆ ಕೊಂಡು ಜೋಡಿಸಬಹುದು, ಜೋಡಿಸಿದಾಗ ಒಮ್ಮೆ ಇಂಟರ್‌ನೆಟ್ ಬೇಕು. ಆದರೆ ಬಿಡಿಯಾಗಿ ಕೊಂಡರೆ ಉಳಿಸಿದ ಹಣ ಬಹುಪಾಲು ಅದಕ್ಕೇ ಹೋಗುತ್ತದೆ.

ಇಂಟರ್‌ನೆಟ್ಟೂ ಇಲ್ಲಿ ತೀರ್ಮಾನಿಸುತ್ತದೆ. 100 ಜಿಬಿಯ ಗೇಮ್ 30 ಎಂಬಿಪಿಎಸ್ ಫೈಬರಿನಲ್ಲಿ ಇಳಿಯಲು ಏಳೂವರೆ ಗಂಟೆ ಬೇಕು. ಫೈಬರ್ ತಲುಪದ ತೋಟದ ಮನೆಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದೇ ಗೇಮ್ ಐವತ್ತು ದಿನ ಹಿಡಿಯುತ್ತದೆ. ಅಂಥ ಮನೆಗೆ ಡಿಸ್ಕ್ ಇಲ್ಲದ ಕನ್ಸೋಲ್ ತರಲೇಬಾರದು. ಡಿಸ್ಕ್ ಇದ್ದರೂ ಆಮೇಲಿನ ತಿದ್ದುಪಡಿ (ಪ್ಯಾಚ್) ಇಳಿಸಬೇಕಾಗುತ್ತದೆ, ಆದರೆ ಗೇಮಿನ ಬಹುಭಾಗ ಡಿಸ್ಕಿನಲ್ಲೇ ಬರುತ್ತದೆ. ಕೆಲವು ಗೇಮ್‌ಗಳ ಡಬ್ಬಿಯೊಳಗೆ ಡಿಸ್ಕಿನ ಬದಲು ಕೋಡ್ ಮುದ್ರಿಸಿದ ಚೀಟಿ ಮಾತ್ರ ಇರುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿಯೇ ಹಣ ಕೊಡಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಗ್ಗೆ ಚುಟುಕಾಗಿ ಹೇಳಬಹುದು. 2020ರ ನವೆಂಬರಿನಲ್ಲಿ 34,990ಕ್ಕೆ ಬಂದ ಇದರಲ್ಲಿ ಡಿಸ್ಕ್ ಇಲ್ಲ. 512 ಜಿಬಿ ಎಂದರೂ ಬಳಕೆಗೆ ಸಿಗುವುದು 364 ಜಿಬಿ, ಅಂದರೆ ಮೂರು ದೊಡ್ಡ ಗೇಮ್. ಇದರ ಆಕರ್ಷಣೆ ಇದ್ದದ್ದು ತಿಂಗಳ ಹಣಕ್ಕೆ ಹಲವು ಗೇಮ್ ಆಡಲು ಕೊಡುವ ಗೇಮ್ ಪಾಸ್ ಚಂದಾದಲ್ಲಿ. 2025ರ ಅಕ್ಟೋಬರಿನಲ್ಲಿ ಅದರ ಅಲ್ಟಿಮೇಟ್ ಚಂದಾ ತಿಂಗಳಿಗೆ 829ರಿಂದ 1,389ಕ್ಕೆ ಏರಿದ ಮೇಲೆ ಅಗ್ಗದ ಕನ್ಸೋಲ್ ಎಂಬ ಮಾತಿಗೆ ಬಲ ಉಳಿದಿಲ್ಲ. ಆದರೂ 32 ಇಂಚಿನ ಎಚ್‌ಡಿ ರೆಡಿ ಟಿವಿ ಇರುವ ಮನೆಗೆ ಇದೇ ಸಾಕು. ಆ ಟಿವಿಯ ತೆರೆಯಲ್ಲಿ ಇರುವುದು 1366ಕ್ಕೆ 768 ಚುಕ್ಕಿ. ಪ್ಲೇಸ್ಟೇಷನ್ 5 ಕೊಡುವ 4ಕೆ ಚಿತ್ರದ ಹೆಚ್ಚುಗಾರಿಕೆ ಅದರಲ್ಲಿ ಕಾಣುವುದೇ ಇಲ್ಲ. ಹೊಸ ಟಿವಿಯೂ ಬೇಕೆಂದರೆ ಇನ್ನೊಂದು 25–30 ಸಾವಿರ ಲೆಕ್ಕಕ್ಕೆ ಸೇರಿಸಿ. ಇರುವ ಟಿವಿಯಲ್ಲೇ ಆಡುವುದಾದರೆ ಅದರ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಬಟನ್ ಒತ್ತಿದ್ದಕ್ಕೂ ತೆರೆಯಲ್ಲಿ ಕಾಣುವುದಕ್ಕೂ ನಡುವಿನ ತಡ ಅದರಿಂದ ಕಡಿಮೆಯಾಗುತ್ತದೆ.

ಕರೆಂಟು, ಸಿಡಿಲು, ಮಳೆಗಾಲ

ಪ್ಲೇಸ್ಟೇಷನ್ 5 ದೊಡ್ಡ ಗೇಮ್ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿ 80 ಎಂದಿಟ್ಟುಕೊಳ್ಳಿ. ವಾರಕ್ಕೆ ಹತ್ತು ಗಂಟೆಗೆ 2.8 ಯೂನಿಟ್, ತಿಂಗಳಿಗೆ 12. ಯೂನಿಟ್ಟಿಗೆ ಏಳೂವರೆ ರೂಪಾಯಿಯಂತೆ ವರ್ಷಕ್ಕೆ ಸುಮಾರು 1,100. ಸಾಧಾರಣವಾಗಿ ಇಷ್ಟೇ. ಆದರೆ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ದರದಲ್ಲಿ ತಿಂಗಳಿಗೆ 250 ಯೂನಿಟ್ ಎಂಬ ಗಡಿ ಇದೆ. ಎರಡು ತಿಂಗಳ ಬಿಲ್ಲಿನಲ್ಲಿ 500. ಅದರ ಒಳಗಿದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ದರ, ಮೇಲಿನವಕ್ಕೆ ಹೆಚ್ಚು. ಗಡಿ ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ಏರಿದ ದರ. ಎಸಿ, ಪಂಪು ಎಲ್ಲ ಸೇರಿ ಈಗಾಗಲೇ 485, 490ರಲ್ಲಿ ನಿಂತ ಮನೆಗೆ ಕನ್ಸೋಲಿನ 24 ಯೂನಿಟ್ ಸೇರಿದರೆ ಬಿಲ್ಲು ನೂರಾರು ರೂಪಾಯಿ ಜಿಗಿಯುತ್ತದೆ. ಹಳೆಯ ಬಿಲ್ಲು ತೆಗೆದು ಯೂನಿಟ್ ನೋಡಿಕೊಳ್ಳಿ.

ವೋಲ್ಟೇಜ್ ಕಡಿಮೆ ಎಂದು ಸ್ಟೆಬಿಲೈಸರ್ ಕೊಳ್ಳುವ ಅಗತ್ಯವಿಲ್ಲ. ಕನ್ಸೋಲಿನೊಳಗಿನ ಪವರ್ ಸಪ್ಲೈ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತದೆ. ಸಂಜೆ ಎಲ್ಲರ ಪಂಪೂ ಓಡಿ 170ಕ್ಕೆ ಇಳಿದರೂ ಅದಕ್ಕೆ ತೊಂದರೆಯಿಲ್ಲ. ತೊಂದರೆ ಬರುವುದು ಹೋದ ಕರೆಂಟು ರಪ್ಪನೆ ಮರಳಿದಾಗ ಮತ್ತು ಸಿಡಿಲಿನಿಂದ.

ನಮ್ಮ ಕಡೆ ಸಿಡಿಲು ಹೆಚ್ಚು ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ತಿಂಗಳಲ್ಲಿ, ಅದೂ ಮಧ್ಯಾಹ್ನ ಕಳೆದ ಮೇಲೆ. ಮಕ್ಕಳು ಆಡಲು ಕೂರುವ ಹೊತ್ತೂ ಅದೇ. ಹೆಚ್ಚಿನವರು ಪ್ಲಗ್ ಕಿತ್ತು ಸುಮ್ಮನಾಗುತ್ತಾರೆ, ಅದು ಸಾಲದು. ಮಾಡಿನ ಮೇಲಿನ ಡಿಟಿಎಚ್ ಡಿಶ್ಶಿನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ, ಅಲ್ಲಿಂದ ಚಿತ್ರ ಒಯ್ಯುವ ಎಚ್‌ಡಿಎಂಐ ತಂತಿ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ಕನ್ಸೋಲಿಗೆ. ಪ್ಲಗ್ ಕಿತ್ತಿದ್ದರೂ ಈ ದಾರಿಯಾಗಿ ಹೊಡೆತ ಬಂದು ಎಚ್‌ಡಿಎಂಐ ಚಿಪ್ ಸುಟ್ಟುಹೋಗುತ್ತದೆ. ಕನ್ಸೋಲ್ ಆನ್ ಆಗುತ್ತದೆ, ಬೀಪ್ ಕೇಳುತ್ತದೆ, ಟಿವಿಯಲ್ಲಿ ಚಿತ್ರ ಬಾರದು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್, ಎಚ್‌ಡಿಎಂಐ, ರೂಟರಿನಿಂದ ಬರುವ ಲ್ಯಾನ್ ತಂತಿ ಮೂರನ್ನೂ ಕಳಚಿ ಬದಿಗಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಬೇಡಿ. ಎಚ್‌ಡಿಎಂಐ ಮರಳಿ ಚುಚ್ಚುವಾಗ ಟಿವಿ ಮತ್ತು ಕನ್ಸೋಲ್ ಎರಡರ ಪ್ಲಗ್ಗೂ ಹೊರಗಿರಲಿ. ಈ ಕನ್ಸೋಲ್‌ಗಳಿಗೆ ಬರುವುದು ಎರಡೇ ಪಿನ್ನಿನ ತಂತಿ, ಅರ್ಥ್ ಇಲ್ಲ. ಎರಡು ಉಪಕರಣಗಳ ನಡುವೆ ಸೋರುವ ಕರೆಂಟು ಚುಚ್ಚುವ ಕ್ಷಣದಲ್ಲಿ ಆ ಸಣ್ಣ ಪಿನ್ನುಗಳ ಮೂಲಕವೇ ಹರಿಯುತ್ತದೆ.

ಸರ್ಜ್ ಪ್ರೊಟೆಕ್ಟರ್ ಪೂರ್ತಿ ಕೆಲಸ ಮಾಡಬೇಕಿದ್ದರೆ ಮನೆಯ ಅರ್ಥಿಂಗ್ ಸರಿಯಿರಬೇಕು. ಮುರಕಲ್ಲಿನ ಜಾಗದಲ್ಲಿ, ಪಾರೆಯ ಮೇಲೆ ಕಟ್ಟಿದ ಮನೆಗಳಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ನೀರು ಹೊಯ್ಯುತ್ತಿರಿ, ಒಮ್ಮೆ ವಯರ್‌ಮ್ಯಾನ್‌ನಿಂದ ಅಳತೆ ಮಾಡಿಸಿ. ಇದು ಕನ್ಸೋಲಿಗಿಂತ ಮನುಷ್ಯರಿಗೇ ಹೆಚ್ಚು ಬೇಕಾದ ಕೆಲಸ.

ಕರೆಂಟು ಹೋಗಿ ಆಟ ಅರ್ಧಕ್ಕೆ ನಿಂತರೆ ಎಸ್‌ಎಸ್‌ಡಿಗೆ ಬರೆಯುತ್ತಿದ್ದ ಮಾಹಿತಿ ಕೆಡಬಹುದು. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ತಡೆಯುತ್ತದೆ. ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಬೇಕಾದ ಕೆಲವು ನಿಮಿಷ ಸಿಗುತ್ತದೆ. ಮನೆಯ ಇನ್ವರ್ಟರ್‌ಗೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದರಲ್ಲಿಡಿ, ಬದಲಾವಣೆಯ ಹೊತ್ತಿನಲ್ಲಿ ಕನ್ಸೋಲ್ ಆರದು. ಆಮೇಲೆ ಗೇಮ್ ತೆರೆಯದೆ ಎರರ್ ತೋರಿಸಿದರೆ ಸರ್ವಿಸಿಗೆ ಒಯ್ಯುವ ಮೊದಲು ದೋಷ ಸರಿಪಡಿಸಲೆಂದೇ ಇರುವ ಸೇಫ್ ಮೋಡ್ ನೋಡಿ. ಕನ್ಸೋಲ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದಾಗ ಒಂದು ಬೀಪ್, ಸುಮಾರು ಏಳು ಸೆಕೆಂಡಿನಲ್ಲಿ ಎರಡನೆಯದು ಬಂದಾಗ ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಲ್ಲೇ ಜೋಡಿಸಿ ಪಿಎಸ್ ಬಟನ್ ಒತ್ತಿದರೆ ಪಟ್ಟಿ ಬರುತ್ತದೆ. ಅದರಲ್ಲಿ ಡೇಟಾಬೇಸ್ ರೀಬಿಲ್ಡ್ ಆರಿಸಿ. ಗೇಮ್, ಸೇವ್ ಅಳಿಸಿಹೋಗುವುದಿಲ್ಲ. ಫ್ಯಾಕ್ಟರಿ ರೀಸೆಟ್ ಎಂಬ ಆಯ್ಕೆಯ ಹತ್ತಿರ ಮಾತ್ರ ಹೋಗಬೇಡಿ.

ಮಳೆಗಾಲದಲ್ಲಿ ಕನ್ಸೋಲಿಗೆ ಬಟ್ಟೆ ಹೊದಿಸುವ ಅಭ್ಯಾಸ ಬಿಡಿ. ರೆಸ್ಟ್ ಮೋಡಿನಲ್ಲಿದ್ದಾಗಲೂ ಅದು ಬೆಚ್ಚಗಿರುತ್ತದೆ, ಆ ಬೆಚ್ಚಗಿನ ಕತ್ತಲೆಗೆ ಜಿರಳೆ ಬಂದು ಸೇರುತ್ತದೆ. ಹಿಂಬದಿಯಲ್ಲಿ ಒಂದು ಗೇಣು ಜಾಗ ಬಿಡಿ. ಆಡದಿದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಪ್ಲೇಸ್ಟೇಷನ್ 5ರ ಮೂಲ ಮಾದರಿಯ ಬಿಳಿ ಹೊದಿಕೆ ಕೈಯಲ್ಲೇ ಕಳಚುತ್ತದೆ. ಒಳಗೆ ಧೂಳು ಕೂರುವ ಎರಡು ತೂತುಗಳಿವೆ, ಪ್ಲಗ್ ಕಿತ್ತು ವ್ಯಾಕ್ಯೂಮಿನಿಂದ ಎಳೆದರೆ ಸಾಕು. ಅದಕ್ಕಿಂತ ಒಳಗೆ ಹೋಗಬೇಡಿ. ಚಿಪ್‌ಗೂ ಅದರ ಬಿಸಿ ಎಳೆಯುವ ಹೀಟ್‌ಸಿಂಕಿಗೂ ನಡುವೆ ಇರುವುದು ಮಾಮೂಲಿ ಪೇಸ್ಟ್ ಅಲ್ಲ, ದ್ರವ ಲೋಹ. ಅದು ಬೋರ್ಡಿನ ಮೇಲೆ ಹರಿದರೆ ಶಾರ್ಟ್ ಆಗುತ್ತದೆ. ಮೊಬೈಲ್ ರಿಪೇರಿಯವರಿಗೆ ಕೊಡುವಾಗ ಇದು ಅವರಿಗೆ ಗೊತ್ತಿದೆಯೇ ಎಂದು ಕೇಳಿಯೇ ಕೊಡಿ.

ಮೊದಲು ಕೆಡುವ ಭಾಗ

ಕನ್ಸೋಲಿಗಿಂತ ಮೊದಲು ಕೈಕೊಡುವುದು ಕಂಟ್ರೋಲರ್. ಬೆರಳು ಮುಟ್ಟದಿದ್ದರೂ ಆಟಗಾರ ತಾನೇ ನಡೆಯಲು ತೊಡಗಿದರೆ ಅದು ಸ್ಟಿಕ್ ಡ್ರಿಫ್ಟ್. ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್ಕಿನ ಬುಡದಲ್ಲಿ ಕಾರ್ಬನ್ ಪದರದ ಮೇಲೆ ಉಜ್ಜುವ ಸಣ್ಣ ಲೋಹದ ನಾಲಿಗೆಗಳಿವೆ. ಉಜ್ಜಿ ಉಜ್ಜಿ ಪದರ ಸವೆದಾಗ, ಇಲ್ಲವೇ ಪುಡಿ ಸೇರಿದಾಗ ತಪ್ಪು ಅಳತೆ ಹೋಗುತ್ತದೆ. ಮೊದಲು ಕಂಟ್ರೋಲರಿನ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಐದು ಸೆಕೆಂಡ್ ಒತ್ತಿ ರೀಸೆಟ್ ಮಾಡಿ ನೋಡಿ. ಗೇಮಿನ ಸೆಟ್ಟಿಂಗಿನಲ್ಲಿ ಡೆಡ್‌ಜೋನ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಅಳತೆ) ಸ್ವಲ್ಪ ಏರಿಸಿದರೆ ಕೆಲವು ತಿಂಗಳು ದೂಡಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯೂ ತಾತ್ಕಾಲಿಕವೇ. ಸರಿಯಾದ ಪರಿಹಾರ ಸ್ಟಿಕ್ಕಿನ ಭಾಗವನ್ನೇ ಬದಲಿಸುವುದು. ಉಜ್ಜುವ ಭಾಗವಿಲ್ಲದೆ ಅಯಸ್ಕಾಂತದಿಂದ ಅಳೆಯುವ ಹಾಲ್ ಅಥವಾ ಟಿಎಂಆರ್ ಮಾಡ್ಯೂಲ್ ಹಾಕಿಸಿದರೆ ಅದೇ ರೋಗ ಮರುಕಳಿಸದು. ಆದರೆ ಒಂದೊಂದು ಸ್ಟಿಕ್ಕಿಗೆ 14 ಬೆಸುಗೆಗಳನ್ನು ಬಿಡಿಸಬೇಕು. ಬಿಸಿ ಹೆಚ್ಚಾದರೆ ಬೋರ್ಡಿನ ತಾಮ್ರದ ಪದರವೇ ಎದ್ದು ಬರುತ್ತದೆ. ಬದಲಿಸಿದ ಮೇಲೆ ಕಂಪ್ಯೂಟರಿಗೆ ಜೋಡಿಸಿ ಕ್ಯಾಲಿಬ್ರೇಷನ್, ಅಂದರೆ ಅಳತೆ ಹೊಂದಿಸುವ ಕೆಲಸ, ಮಾಡದಿದ್ದರೆ ಹೊಸ ಸ್ಟಿಕ್ಕೂ ಓರೆಯಾಗಿಯೇ ಓಡುತ್ತದೆ. ಕ್ಯಾಲಿಬ್ರೇಷನ್ ಮಾಡಿಕೊಡುತ್ತೀರಾ ಎಂದು ಕೇಳಿದಾಗ ರಿಪೇರಿಯವರು ತಡವರಿಸಿದರೆ ಬೇರೆಯವರನ್ನು ನೋಡಿ. ಒಂದು ವರ್ಷದ ವಾರಂಟಿ ಉಳಿದಿದ್ದರೆ ಇದ್ಯಾವುದನ್ನೂ ಮಾಡದೆ ಅಲ್ಲಿಗೇ ಕಳುಹಿಸಿ.

ಗಲ್ಫಿನದು, ಸೆಕೆಂಡ್ ಹ್ಯಾಂಡಿನದು

ದುಬೈ, ಶಾರ್ಜಾದಿಂದ ಚಿಕ್ಕಪ್ಪನೋ ಭಾವನೋ ತಂದುಕೊಟ್ಟ ಕನ್ಸೋಲ್ ನಮ್ಮಲ್ಲಿ ಬೇಕಾದಷ್ಟಿವೆ. ವೋಲ್ಟೇಜ್ ಸಮಸ್ಯೆಯಿಲ್ಲ, ಅಲ್ಲಿಯದೂ 230. ಚಪ್ಪಟೆ ಮೂರು ಪಿನ್ನಿನ ಪ್ಲಗ್ಗಿಗೆ ಕಳಪೆ ಕನ್ವರ್ಟರ್ ಹಾಕುವ ಬದಲು ನಮ್ಮ ಪ್ಲಗ್ಗಿನ ತಂತಿಯನ್ನೇ ಕೊಳ್ಳಿ. ಟೇಪ್‌ರೆಕಾರ್ಡರಿಗೆ ಬಳಸುತ್ತಿದ್ದ 8ರ ಆಕಾರದ ತಂತಿಯೇ ಅದಕ್ಕೂ ಆಗುತ್ತದೆ. ಪ್ಲೇಸ್ಟೇಷನ್ 5 ಗೇಮ್ ಡಿಸ್ಕಿಗೆ ದೇಶದ ಬೇಲಿಯಿಲ್ಲ. ಆದರೆ ಆ ಗೇಮಿಗೆ ಆನ್‌ಲೈನ್‌ನಲ್ಲಿ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕಿನ ದೇಶಕ್ಕೂ ಖಾತೆಯ ದೇಶಕ್ಕೂ ಹೊಂದಬೇಕು. ಗಲ್ಫಿನ ಖಾತೆಗೆ ಇಲ್ಲಿನ ಕಾರ್ಡಿನಿಂದ ಹಣ ಕಟ್ಟುವುದೂ ತಲೆನೋವು, ಮೊದಲ ದಿನವೇ ಭಾರತದ ಖಾತೆ ತೆರೆಯಿರಿ. ಅಲ್ಲಿನ ವಾರಂಟಿ ಇಲ್ಲಿ ನಡೆಯುವುದಿಲ್ಲ ಎಂದೇ ಎಣಿಸಿ ಬೆಲೆ ಹೋಲಿಸಿ. ನಿಂಟೆಂಡೊ ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬಂದಿಲ್ಲ, ಇಲ್ಲಿ ಎಲ್ಲಿ ಕೊಂಡರೂ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅರ್ಧ ಗಂಟೆ ದೊಡ್ಡ ಗೇಮ್ ಓಡಿಸಿ ಫ್ಯಾನಿನ ಸದ್ದು ಕೇಳಿ, ಎಚ್‌ಡಿಎಂಐ ತಂತಿಯನ್ನು ಮೆಲ್ಲನೆ ಅಲುಗಾಡಿಸಿ ಚಿತ್ರ ಹೋಗಿಬರುತ್ತದೆಯೇ ನೋಡಿ. ನಿಮ್ಮ ಖಾತೆಯಿಂದ ಆನ್‌ಲೈನ್‌ಗೆ ಹೋಗಿ. ಕಂಪನಿ ಆನ್‌ಲೈನ್‌ನಿಂದ ನಿಷೇಧಿಸಿದ ಕನ್ಸೋಲ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಡಿಸ್ಕ್ ಹಾಕಿ ತೆಗೆದು ನೋಡಲೇಬೇಕು. ಮೂಲ ಮಾದರಿಯ ಡ್ರೈವಿನ ಬೋರ್ಡ್ ಮದರ್‌ಬೋರ್ಡಿಗೆ ಜೋಡಿಯಾಗಿರುವುದರಿಂದ ಬೇರೆ ಕನ್ಸೋಲಿನ ಡ್ರೈವ್ ತಂದು ಹಾಕಿದರೆ ನಡೆಯದು.

ಮಂಗಳೂರಿನಲ್ಲಿ ಕೊಂಡರೆ ತೆರಿಗೆ ಕಡಿಮೆ ಎಂಬ ಹಳೆಯ ನಂಬಿಕೆ ಇನ್ನೂ ಇದೆ. 2017ರ ಜುಲೈ 1ರಿಂದ ಜಿಎಸ್‌ಟಿ ರಾಜ್ಯದ ಗಡಿ ತಲಪಾಡಿಯ ಆಚೆಗೂ ಈಚೆಗೂ ಒಂದೇ. ವ್ಯತ್ಯಾಸ ಅಂಗಡಿಯವರ ರಿಯಾಯಿತಿಯಲ್ಲಿ ಮಾತ್ರ. ಬಿಲ್ಲಿನಲ್ಲಿ ನಿಮ್ಮ ಹೆಸರು, ಕನ್ಸೋಲಿನ ಸೀರಿಯಲ್ ನಂಬರ್ ಎರಡೂ ಬರೆಸಿಕೊಳ್ಳಿ. ಗಡಿಯಾಚೆ ಕೊಂಡದ್ದಕ್ಕೆ ತಕರಾರು ಬಂದರೆ ಮಂಗಳೂರಿಗೆ ಓಡಾಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಿ. ಅಂಗಡಿಯವರಿಗೆ ಬರೆದ ಸಂದೇಶ, ಅವರು ಕೊಟ್ಟ ಉತ್ತರ, ಡಬ್ಬಿ ಬಿಚ್ಚುವಾಗ ತೆಗೆದ ವಿಡಿಯೋ ಇವಿಷ್ಟೂ ಬಿಲ್ಲಿನ ಜೊತೆಗಿರಲಿ.